ಕೂಲಿಯ ಹೊಣೆ ಯಾರ ಹೆಗಲಿಗೆ?

ಶಾಸಕರೆಂದರೆ ಅನುದಾನ ತರುವವರು, ಶಿಲಾನ್ಯಾಸ ಮಾಡುವವರು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಕಾನೂನು ರಚನೆಯೇ ಅವರ ಮೂಲ ಕರ್ತವ್ಯವೆಂಬುದನ್ನು ಅವರೂ ಮರೆತಿದ್ದಾರೆ, ಮತ ನೀಡಿದ ನಾವೂ ಮರೆತಿದ್ದೇವೆ. ಆದುದರಿಂದಲೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸೆನೆಟರ್ ಮರಿಯಾ ಎಲೆನಾ ದುರಾಜೊ ಅವರು ತಂದ ಕಾಯ್ದೆಯೊಂದು ಚರ್ಚಾರ್ಹವಾಗಿದೆ.

ದುರಾಜೊ ಮೆಕ್ಸಿಕೊದಿಂದ ವಲಸೆ ಬಂದ ಕೃಷಿ ಕೂಲಿಕಾರರ ಮಗಳು. ಲಾಸ್ ಏಂಜಲೀಸ್‌ನ ಹೋಟೆಲ್ ಕಾರ್ಮಿಕರ ಸಂಘಟನೆಯನ್ನು ಮುನ್ನಡೆಸಿದ ಬಳಿಕ 2018ರಲ್ಲಿ ರಾಜ್ಯ ಸೆನೆಟ್‌ಗೆ ಆಯ್ಕೆಯಾದವರು. ಆ ನಗರದಲ್ಲಿ ಹತ್ತಾರು ಸಾವಿರ ಮಂದಿ ಸಿದ್ಧ ಉಡುಪು ಹೊಲಿದು ಬದುಕುತ್ತಾರೆ. ಹೆಚ್ಚಿನವರು ವಲಸೆ ಬಂದ ಮಹಿಳೆಯರು. ಗಂಟೆಗೆ ಇಂತಿಷ್ಟು ಕನಿಷ್ಠ ವೇತನವೆಂಬ ನಿಯಮ ಕಡತದಲ್ಲಿತ್ತು. ಕೈಗೆ ಸಿಗುತ್ತಿದ್ದುದು ಮಾತ್ರ ತೋಳಿಗಿಷ್ಟು, ಕಾಲರಿಗಿಷ್ಟು ಎಂಬ ಸೆಂಟುಗಳ ಲೆಕ್ಕ.

ಉಡುಪು ತಯಾರಕರನ್ನೇ ಕೂಲಿಗೆ ಹೊಣೆಗಾರರನ್ನಾಗಿಸುವ ಕಾಯ್ದೆ ಅಲ್ಲಿ 1999ರಲ್ಲಿಯೇ ಬಂದಿತ್ತು. ದೊಡ್ಡ ಬ್ರ್ಯಾಂಡ್‌ಗಳು ಅದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ: ತಮ್ಮ ಮತ್ತು ಹೊಲಿಗೆ ಯಂತ್ರದ ನಡುವೆ ಒಬ್ಬ ಗುತ್ತಿಗೆದಾರ, ಅವನ ಕೆಳಗೆ ಮತ್ತೊಬ್ಬ. ಬಾಕಿ ಕೂಲಿ ಕೇಳಿದರೆ ಕೆಳಗಿನವನು ಬಾಗಿಲು ಮುಚ್ಚಿ ಬೇರೊಂದು ಹೆಸರಿನಲ್ಲಿ ತೆರೆಯುತ್ತಿದ್ದ. ಮೇಲಿನವನಿಗೋ ಹೊಲಿದವಳ ಪರಿಚಯವೇ ಇಲ್ಲ!

ಇದನ್ನು ತಡೆಯಲು 2020ರಲ್ಲಿ ಮಂಡಿಸಿದ ಮಸೂದೆ ಸೆನೆಟನ್ನು ದಾಟಿದರೂ ಕೆಳಮನೆಯಲ್ಲಿ ಮತಕ್ಕೇ ಬಾರದೆ ಬಿದ್ದುಹೋಯಿತು. ದುರಾಜೊ ಮರುವರ್ಷ ಅದನ್ನೇ ಎಸ್.ಬಿ. 62 ಎಂಬ ಸಂಖ್ಯೆಯಲ್ಲಿ ಮತ್ತೆ ತಂದರು. 2021ರ ಸೆಪ್ಟೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಕಾರ್ಮಿಕ ಸಂಘದೊಂದಿಗೆ ಸಾಮೂಹಿಕ ಒಪ್ಪಂದವಿದ್ದಲ್ಲಿ ಹೊರತು ಉಡುಪು ಉದ್ಯಮದಲ್ಲಿ ತುಂಡಿಗಿಷ್ಟು ಕೂಲಿ ನಿಷಿದ್ಧ; ನಡುವೆ ಎಷ್ಟೇ ಗುತ್ತಿಗೆದಾರರಿರಲಿ, ಬಾಕಿ ಕೂಲಿಗೆ ಬ್ರ್ಯಾಂಡ್ ಕೂಡ ಹೊಣೆ.

ಅಷ್ಟಕ್ಕೇ ಅನ್ಯಾಯ ಅಳಿಯಿತೆಂದು ನಾವು ಹೇಳುತ್ತಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಹೊಲಿಗೆ ಗುತ್ತಿಗೆದಾರರ ಕುರಿತು ಅಮೆರಿಕದ ಕಾರ್ಮಿಕ ಇಲಾಖೆ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 80 ಕಡೆ ವೇತನ ಕಾನೂನಿನ ಉಲ್ಲಂಘನೆ ಕಂಡುಬಂತು. ಶೇ. 32 ಮಂದಿ ಇನ್ನೂ ತುಂಡುಗೂಲಿಯನ್ನೇ ನೀಡುತ್ತಿದ್ದರು. ಒಬ್ಬನಂತೂ ಗಂಟೆಗೆ ಬರೇ 1.58 ಡಾಲರ್ ಕೊಟ್ಟಿದ್ದ. ಕಾನೂನು ಬರೆದರೆ ಸಾಲದು, ಬಾಗಿಲು ತಟ್ಟುವ ಇನ್‌ಸ್ಪೆಕ್ಟರರೂ ಬೇಕು. ಆದರೂ ಕಾನೂನೇ ಇಲ್ಲದಿದ್ದರೆ ಆ ಇನ್‌ಸ್ಪೆಕ್ಟರ್ ಬಂದು ಮಾಡುವುದಾದರೂ ಏನು?

ದಕ್ಷಿಣ ಕನ್ನಡದ ಮನೆಜಗಲಿಗಳಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಈ ಕತೆ ಹೊಸದೇನಲ್ಲ. ಸಾವಿರ ಬೀಡಿಗೆ ಇಷ್ಟೆಂಬ ಕೂಲಿ, ಎಲೆ ಸಾಲದಿದ್ದರೆ ಕೈಯಿಂದಲೇ ಹಾಕಬೇಕಾದ ಹಣ, ಸರಿಯಿಲ್ಲವೆಂದು ಗುತ್ತಿಗೆದಾರ ಪಕ್ಕಕ್ಕೆಸೆಯುವ ಕಟ್ಟುಗಳು. ಗುತ್ತಿಗೆಯ ಮೂಲಕ ದುಡಿಸಿದರೂ ಮೂಲ ಮಾಲೀಕನೇ ಉದ್ಯೋಗದಾತನೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಸ್ಪಷ್ಟವಾಗಿ ಸಾರಿತ್ತು. ಕ್ಯಾಲಿಫೋರ್ನಿಯಾದ ಮೊದಲ ಕಾಯ್ದೆಗಿಂತಲೂ ಮೂರು ದಶಕ ಹಿಂದಿನ ಮಾತಿದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆ ವಿಲೀನವಾಗಿದೆ. ತಿರಸ್ಕೃತ ಕಟ್ಟುಗಳ ನಷ್ಟವನ್ನು ಇನ್ನು ಮುಂದೆ ಯಾರು ಭರಿಸಬೇಕು? ಕರಾವಳಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಒಂದು ಪ್ರಶ್ನೆಯನ್ನಾದರೂ ಎತ್ತುವರೇ?