ಕೊಯ್ಲಿಗೆ ಬಂದ ಮಕ್ಕಳನ್ನು ಶಾಲೆಗೆ ಸೇರಿಸೋಣ

ಬಿಕ್ಕೋಡು ಹೋಬಳಿಯ ತೋಟದ ಮಾಲೀಕರೇ, ಮೇಷ್ಟ್ರುಗಳೇ, ಎಸ್‌ಡಿಎಂಸಿ ಸದಸ್ಯರೇ,

ಕಾಫಿ ಹಣ್ಣಾಯಿತೆಂದರೆ ನಾವು ಆಳುಗಳ ದಾರಿ ಕಾಯುತ್ತೇವೆ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಒಂದು ತಂಡ ಬಂದಿಳಿದರೆ ನೆಮ್ಮದಿ. ಅವರ ಜೊತೆ ಇಳಿಯುವ ಮಕ್ಕಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಮಕ್ಕಳ ಹೆಸರು ಅವರ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಕ್ಕಳು ನಮ್ಮ ಲೈನ್ ಮನೆಗಳಲ್ಲಿರುತ್ತಾರೆ. ಹಣ್ಣು ಕುಯ್ಯುವ ಕೂಲಿ ಕೆ.ಜಿ. ಲೆಕ್ಕದ್ದು, ಅಪ್ಪ ಅಮ್ಮ ಇಬ್ಬರೂ ಗಿಡದ ಬುಡದಲ್ಲಿ ನಿಲ್ಲಲೇಬೇಕು. ಕೂಸು ನೋಡಿಕೊಳ್ಳಲು ಉಳಿಯುವವಳು ಎಂಟು ವರ್ಷದ ಅಕ್ಕ. ಅವಳ ಓದು ಅಲ್ಲಿಗೇ ನಿಲ್ಲುತ್ತದೆ.

ಅವಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಯಾರ ಔದಾರ್ಯವೂ ಅಲ್ಲ, ಅವಳ ಹಕ್ಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಜನನ ಪ್ರಮಾಣಪತ್ರ ಇಲ್ಲವೆಂದು, ಟಿ.ಸಿ. ಬಂದಿಲ್ಲವೆಂದು, ವರ್ಷದ ನಡುವೆ ಬಂತೆಂದು ಹಿಂದಕ್ಕೆ ಕಳಿಸುವಂತಿಲ್ಲ. ವಲಸೆ ಕುಟುಂಬದ ಮಕ್ಕಳ ದಾಖಲಾತಿಯನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದೇ ಅದು ಹೇಳುತ್ತದೆ.

'ಕನ್ನಡವೇ ಬರುವುದಿಲ್ಲವಲ್ಲ' ಎನ್ನುತ್ತೀರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿಕಲಿ ನಮ್ಮದೇ ಸರ್ಕಾರಿ ಶಾಲೆಗಳ ಪದ್ಧತಿ. ಅಲ್ಲಿ ಇಡೀ ತರಗತಿ ಒಂದೇ ಪಾಠದ ಹಿಂದೆ ಓಡುವುದಿಲ್ಲ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಿಂದ ಹತ್ತುತ್ತದೆ. ಡಿಸೆಂಬರಿನಲ್ಲಿ ಬಂದ ಪುಟ್ಟ ಮಗುವಿಗೂ ಅಲ್ಲೊಂದು ಜಾಗವಿದೆ.

'ಮಾರ್ಚ್ ಬಂದರೆ ಹೊರಟುಹೋಗುತ್ತಾರೆ' ಎನ್ನುತ್ತೀರಿ. ಹೋಗಲಿ. ಅಲ್ಲಿಯವರೆಗಿನ ಬಿಸಿಯೂಟ, ಕಲಿತ ಅಕ್ಷರ, ಬೆಳೆದ ಗೆಳೆತನ ಅವರ ಪಾಲಿಗೆ ಉಳಿಯಲಿ. ಹೋಗುವಾಗ ಕಲಿಕೆಯ ದಾಖಲೆಯನ್ನೂ ಕೈಗಿಟ್ಟು ಕಳಿಸೋಣ. ಪ್ರತಿ ವರ್ಷ ಹೀಗೆ ನಾಲ್ಕು ತಿಂಗಳು ತಪ್ಪಿಸಿಕೊಂಡ ಮಗು ಕೊನೆಗೆ ಶಾಲೆಯನ್ನೇ ಬಿಡುತ್ತದೆ, ಮುಂದೊಂದು ದಿನ ಇದೇ ತೋಟಕ್ಕೆ ಆಳಾಗಿ ಬರುತ್ತದೆ. ಅದಕ್ಕೆ ನಾವು ಹೊಣೆಯಲ್ಲವೇ?

ದಾರಿಯ ಭಯ ನಿಜ. ಬಿಕ್ಕೋಡು, ಅರೇಹಳ್ಳಿ ಸುತ್ತ ಕಾಡಾನೆಗೆ ಸಿಕ್ಕಿ ಸತ್ತ ತೋಟದ ಕೆಲಸಗಾರರನ್ನು ನಾವು ಮರೆತಿಲ್ಲ. ಲೈನಿನಿಂದ ಶಾಲೆಗೆ ಮಗುವನ್ನು ಒಂಟಿಯಾಗಿ ಯಾವ ತಾಯಿ ಕಳಿಸಿಯಾಳು? ನಿಮ್ಮ ಮಕ್ಕಳನ್ನು ಬಿಡಲು ಹೋಗುವ ಜೀಪು ಲೈನಿನ ಮುಂದೆಯೂ ನಿಲ್ಲಲಿ. 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ತೋಟದವರು ನಾಲ್ಕು ಜನ ಸೇರಿ, ಪಂಚಾಯಿತಿಯನ್ನೂ ಜೊತೆಗೆ ಕರೆದು, ಒಂದು ಕೂಸಿನ ಮನೆ ನಡೆಸಲಾರೆವೇ? ಕೂಸಿಗೊಂದು ನೆಲೆ ಸಿಕ್ಕರೆ ಅಕ್ಕನ ಕೈಗೆ ಪುಸ್ತಕ ಬರುತ್ತದೆ.

ಈ ಸಲ ಮೇಸ್ತ್ರಿಯ ಹತ್ತಿರ ಎಷ್ಟು ಆಳು ಎಂದು ಕೇಳುವಾಗಲೇ ಎಷ್ಟು ಮಕ್ಕಳು, ಯಾವ ವಯಸ್ಸು ಎಂದೂ ಕೇಳಿ. ಆ ಪಟ್ಟಿಯನ್ನು ಅದೇ ವಾರ ಹೆಡ್‌ಮಾಸ್ಟರ ಕೈಗೆ ಕೊಡಿ. ಮೇಷ್ಟ್ರೇ, ನೀವು ಅವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಿರಿ.