ಒಂಟಿ ತಾಯಿಗೆ ರಮಝಾನಿನ ಕಿಟ್ ಸಾಕೇ?

ಪತಿಯನ್ನು ಕಳೆದುಕೊಂಡು, ಅಥವಾ ತಲಾಖ್‌ನ ಬಳಿಕ ತವರಿಗೆ ಮರಳಿ, ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ತಾಯಂದಿರು ನಮ್ಮ ನಡುವೆ ಅನೇಕರಿದ್ದಾರೆ. ರಮಝಾನ್ ಬಂತೆಂದರೆ ಅವರ ಮನೆಗೆ ಅಕ್ಕಿ, ಸಕ್ಕರೆ, ಎಣ್ಣೆಯ ಕಿಟ್‌ಗಳನ್ನು ತಲುಪಿಸುತ್ತೇವೆ. ಈದ್ ಕಳೆದ ಮೇಲೆ ಆ ಮನೆಯ ಬಾಗಿಲನ್ನು ಮರೆಯುತ್ತೇವೆ. ಆದರೆ ಮನೆ ಬಾಡಿಗೆ ತಿಂಗಳಿಗೊಮ್ಮೆ ಬರುತ್ತದೆ. ಶಾಲೆಯ ಶುಲ್ಕ ಜೂನ್‌ನಲ್ಲಿ ಬರುತ್ತದೆ. ಮಗುವಿನ ಕಾಯಿಲೆ ಯಾವ ತಿಂಗಳನ್ನೂ ಕೇಳಿ ಬರುವುದಿಲ್ಲ.

ಈ ಮಕ್ಕಳ ಖರ್ಚು ಯಾರ ಹೊಣೆ ಎಂಬ ವಿಷಯದಲ್ಲಿ ಶರೀಅತ್ ಗೊಂದಲಕ್ಕೆ ಎಡೆಗೊಟ್ಟಿಲ್ಲ. ತಲಾಖ್‌ನಿಂದ ದಾಂಪತ್ಯ ಮುಗಿಯುತ್ತದೆ, ತಂದೆಯ ಹೊಣೆ ಮುಗಿಯುವುದಿಲ್ಲ. ಸೂರಃ ಅಲ್ ಬಕರಃದ 233ನೆಯ ವಚನವು ಹಾಲುಣಿಸುವ ತಾಯಿಯ ಅನ್ನ-ವಸ್ತ್ರದ ಭಾರವನ್ನು ಮಗುವಿನ ತಂದೆಯ ಮೇಲೆ ಹೊರಿಸಿದೆ; ಅಂಥದೇ ಹೊಣೆ ವಾರಸುದಾರನ ಮೇಲೂ ಇದೆಯೆಂದು ಹೇಳಿದೆ. ಪತಿ ಸಾಕಷ್ಟು ಖರ್ಚು ಕೊಡುವುದಿಲ್ಲವೆಂದು ಹಿಂದ್ ಬಿಂತ್ ಉತ್ಬಃ ದೂರಿದಾಗ, ತನಗೂ ಮಕ್ಕಳಿಗೂ ಬೇಕಾದಷ್ಟನ್ನು ಆತನ ಸಂಪತ್ತಿನಿಂದ ನ್ಯಾಯೋಚಿತವಾಗಿ ಪಡೆಯಲು ಪ್ರವಾದಿ(ಸ)ರವರು ಆಕೆಗೆ ಅನುಮತಿಸಿದರು. ಇದು ಭಿಕ್ಷೆಯಲ್ಲ, ಹಕ್ಕು. ಆದುದರಿಂದ ತಲಾಖ್‌ನ ಮಾತುಕತೆಗೆ ಕುಳಿತುಕೊಳ್ಳುವ ಜಮಾಅತ್ ಸಮಿತಿಯು ಮಕ್ಕಳ ತಿಂಗಳ ಖರ್ಚನ್ನೂ ಲಿಖಿತವಾಗಿ ನಿಗದಿಪಡಿಸಬೇಕು. ಅದು ಸಲ್ಲುತ್ತಿದೆಯೇ ಎಂದು ಬಳಿಕವೂ ವಿಚಾರಿಸಬೇಕು.

ತಂದೆಯ ಬಳಿಕ ನಾವು ಕೇಳಬೇಕಾದುದು ತವರಿನವರನ್ನು. ಅವಳ ತಂದೆ ಬಿಟ್ಟುಹೋದ ಮನೆ, ತೋಟ, ಅಂಗಡಿಗಳಲ್ಲಿ ಅವಳಿಗೂ ಪಾಲಿದೆ. ಎಷ್ಟು ಸಹೋದರರು ಅದನ್ನು ಕೊಟ್ಟಿದ್ದಾರೆ? ಬಡ ಸಹೋದರಿಗೆ ನೀಡುವ ದಾನಕ್ಕೆ ಇಮ್ಮಡಿ ಪುಣ್ಯವಿದೆ ನಿಜ: ಒಂದು ದಾನದ್ದು, ಇನ್ನೊಂದು ಕುಟುಂಬ ಸಂಬಂಧದ್ದು. ಆದರೆ ಅವಳ ವಾರಸು ಪಾಲನ್ನು ತಾನೇ ಇಟ್ಟುಕೊಂಡು, ವರ್ಷಕ್ಕೊಮ್ಮೆ ಒಂದೆರಡು ಸಾವಿರ ರೂಪಾಯಿಗಳನ್ನು ಅವಳ ಕೈಗಿತ್ತು ಝಕಾತ್ ಎಂದು ಲೆಕ್ಕ ಬರೆಯುವವನು ದಾನ ಮಾಡುತ್ತಿಲ್ಲ. ಅವನು ಸಾಲಗಾರ.

ಇವೆರಡೂ ದೊರೆಯದ ತಾಯಂದಿರಿಗೆ ಆಸರೆಯಾಗಬೇಕಾದುದು ಸಮುದಾಯದ ಝಕಾತ್. ಸೂರಃ ಅತ್ತೌಬಃದ 60ನೆಯ ವಚನದಲ್ಲಿ ಹೇಳಲಾದ 8 ವರ್ಗಗಳಲ್ಲಿ ಮೊದಲ ಎರಡು ಬಡವರು ಮತ್ತು ನಿರ್ಗತಿಕರು. ಝಕಾತ್ ಕಡ್ಡಾಯವಾಗುವ ದಿನ ರಮಝಾನಿನಲ್ಲಿರುವಾಗ ತಿಂಗಳು ತಿಂಗಳು ಕೊಡುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ನಿಸಾಬ್ ಉಳ್ಳವನು ವರ್ಷ ತುಂಬುವ ಮೊದಲೇ ಝಕಾತನ್ನು ಮುಂಗಡವಾಗಿ ನೀಡಲು ಹನಫಿ ಮತ್ತು ಶಾಫಿಈ ಮದ್ಹಬ್‌ಗಳೆರಡರಲ್ಲಿಯೂ ಅನುಮತಿಯಿದೆ. ಪ್ರವಾದಿ(ಸ)ರವರು ತಮ್ಮ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಹೀಗೆ ಅನುಮತಿಸಿದ್ದರು. ವರ್ಷಕ್ಕೆ 24,000 ರೂಪಾಯಿ ಝಕಾತ್ ನೀಡುವ ವ್ಯಾಪಾರಿಯು ಅದನ್ನು ಮುಂಬರುವ ರಮಝಾನಿನ ಲೆಕ್ಕದಲ್ಲಿ ತಿಂಗಳಿಗೆ 2,000ದಂತೆ ಒಂದೇ ಮನೆಗೆ ನೀಡಲಿ. ಅಂಥ ನಾಲ್ವರು ಸೇರಿದರೆ ಒಂದು ಕುಟುಂಬದ ಬಾಡಿಗೆಗೂ ಮಕ್ಕಳ ಓದಿಗೂ ದಾರಿಯಾಗುತ್ತದೆ. ಹಣವನ್ನು ಅವಳ ಕೈಗೇ ಕೊಡಲಿ. ತನ್ನ ಮನೆಗೆ ಬೇಕಾದುದು ಅಕ್ಕಿಯೋ ಔಷಧಿಯೋ ಎಂಬುದನ್ನು ಅವಳೇ ಚೆನ್ನಾಗಿ ಬಲ್ಲಳು. ಫೋಟೋ ತೆಗೆಯುವುದು ಮಾತ್ರ ಬೇಡ. ಮಾನಕ್ಕೆ ಅಂಜಿ ಬೇಡದವರನ್ನು ಅರಿಯದವನು ಶ್ರೀಮಂತರೆಂದು ಭಾವಿಸುತ್ತಾನೆಂದು ಕುರ್‌ಆನ್ ಎಚ್ಚರಿಸಿದೆ. ಅಂಥವರನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಸರಕಾರದ ನೆರವನ್ನು ಪಡೆಯಲೂ ಸಂಕೋಚ ಬೇಡ. ಅದು ನಾಗರಿಕರ ಹಕ್ಕು. ಗೃಹಲಕ್ಷ್ಮಿ ಮತ್ತು ವಿಧವಾ ವೇತನವನ್ನು ಹೆಚ್ಚಿನವರು ಬಲ್ಲರು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯನ್ನು ಬಲ್ಲವರು ಕಡಿಮೆ. ವಿಧವೆ, ವಿಚ್ಛೇದಿತೆ ಮತ್ತು ಪರಿತ್ಯಕ್ತ ತಾಯಂದಿರ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೀಡುವ ಈ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ ಗ್ರಾಮಗಳಲ್ಲಿ 72,000, ನಗರಗಳಲ್ಲಿ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಮಕ್ಕಳ ಜೀವನಾಂಶಕ್ಕಾಗಿ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಪ್ರತಿ ಮಸೀದಿಯಲ್ಲಿ ವಿದ್ಯಾವಂತ ಯುವಕ-ಯುವತಿಯರಿಬ್ಬರು ಈ ಅರ್ಜಿಗಳನ್ನು ತುಂಬಿಕೊಡುವ ಹೊಣೆ ಹೊತ್ತರೆ ಸಾಕು, ಎಷ್ಟೋ ತಾಯಂದಿರ ಅಲೆದಾಟ ತಪ್ಪುತ್ತದೆ.

ವಿಧವೆಯರಿಗಾಗಿ ಮತ್ತು ಬಡವರಿಗಾಗಿ ಶ್ರಮಿಸುವವನನ್ನು ಪ್ರವಾದಿ(ಸ)ರವರು ಅಲ್ಲಾಹನ ಮಾರ್ಗದಲ್ಲಿ ಹೋರಾಡುವವನಿಗೆ ಹೋಲಿಸಿದ್ದಾರೆ. ಆ ಶ್ರಮವನ್ನು ಒಂದು ತಿಂಗಳಿಗೆ ಸೀಮಿತಗೊಳಿಸದೆ ವರ್ಷವಿಡೀ ಮುಂದುವರಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.