ಗುಡ್ಡ ಯಾರದು, ಬೆಲೆ ಕಟ್ಟುವವರು ಯಾರು?

"ಹಳ್ಳಿಯಲ್ಲಿ ಏನಿದೆ ಸ್ವಾಮಿ? ಒಂದಿಷ್ಟು ಮರ, ಒಂದಿಷ್ಟು ಕಲ್ಲು. ಸರ್ಕಾರ ಕೈತುಂಬ ಹಣ ಕೊಡುತ್ತದೆ, ತೆಗೆದುಕೊಂಡು ಸುಖವಾಗಿರಲಿ!" ಅಣೆಕಟ್ಟು, ಗಣಿ, ಕಾರ್ಖಾನೆ ಎಲ್ಲಿ ಬಂದರೂ ಹೀಗೆ ಉಪದೇಶ ಮಾಡುವ ಮಹನೀಯರು ಹುಟ್ಟಿಕೊಳ್ಳುತ್ತಾರೆ. ಇವರಿಗೆ ಉತ್ತರ ಕೊಡಲು ಇಂಡೊನೇಷ್ಯದ ಒಂದು ಸಣ್ಣ ಹಳ್ಳಿಯ ಕಥೆ ಸಾಕು. ನಮ್ಮ ಓದುಗರಲ್ಲಿ ಹಲವರು ಅದರ ಹೆಸರನ್ನೂ ಕೇಳಿರಲಾರರು.

ಮಧ್ಯ ಜಾವಾದ ಪುರ್ವೊರೆಜೊ ಜಿಲ್ಲೆಯಲ್ಲಿ ವಾದಸ್ ಎಂಬ ಊರಿದೆ. ಜಾವಾದವರ ಮಾತಿನಲ್ಲಿ ವಾದಸ್ ಎಂದರೆ ಬಂಡೆ. ಹೆಸರು ಬಂಡೆಯಾದರೂ ಊರು ಹಸಿರು. ಗುಡ್ಡದ ಇಳಿಜಾರಿನಲ್ಲಿ ಹಲಸಿನಂತೆ ಮುಳ್ಳು ಮೈಯ ದೂರಿಯನ್ ಹಣ್ಣಿನ ಮರ, ಕಾಫಿ, ಬಾಳೆ, ಏಲಕ್ಕಿ, ಬಿದಿರು. ನಾವು ತೆಂಗು ಈಚಲುಗಳಿಂದ ನೀರಾ ಇಳಿಸುವಂತೆ ಅವರು ಆರೆನ್ ಮರದಿಂದ ಇಳಿಸಿ, ಕಾಯಿಸಿ ಬೆಲ್ಲ ಮಾಡುತ್ತಾರೆ. ಹೆಂಗಸರು ಬಿದಿರು ಸೀಳಿ ಬೇಸೆಕ್ ಎಂಬ ಸಣ್ಣ ಪೆಟ್ಟಿಗೆ ಹೆಣೆಯುತ್ತಾರೆ. ಹಬ್ಬ ಹರಿದಿನಗಳಲ್ಲಿ ನೆರೆಹೊರೆಗೆ ಅನ್ನ ಹಂಚುವುದು ಅದರಲ್ಲೇ. ದೊಡ್ಡ ಶ್ರೀಮಂತಿಕೆಯಲ್ಲ, ನಿಜ. ಆದರೆ ಬೆಲ್ಲ ದಿನದ ಖರ್ಚು ನೋಡಿಕೊಳ್ಳುತ್ತದೆ, ಹಣ್ಣಿನ ಸುಗ್ಗಿ ವರ್ಷದ ಖರ್ಚಿಗೆ ಒದಗುತ್ತದೆ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊಯ್ಯುತ್ತಾನೆ.

ಈ ಊರಿನ ತಪ್ಪು ಒಂದೇ. ಅದರ ಗುಡ್ಡದೊಳಗೆ ಆಂಡೆಸೈಟ್ ಎಂಬ ಗಟ್ಟಿ ಕಲ್ಲಿತ್ತು! ಸಮೀಪದ ಬೊಗೊವೊಂತೊ ನದಿಗೆ 150 ಮೀಟರಿಗೂ ಮಿಕ್ಕಿದ ಎತ್ತರದ ಬೆನೆರ್ ಅಣೆಕಟ್ಟು ಕಟ್ಟಬೇಕೆಂದು ಅಧ್ಯಕ್ಷ ಜೋಕೊ ವಿಡೊಡೊ ಅವರ ಸರ್ಕಾರ ಹೊರಟಿತು. ಅದಕ್ಕೆ ಕಲ್ಲು ಬೇಕು. ವಾದಸ್‌ನಲ್ಲಿ ನೂರು ಹೆಕ್ಟೇರಿಗೂ ಹೆಚ್ಚಿನ ನೆಲವನ್ನು ಅಗೆಯಬೇಕೆಂದು ತೀರ್ಮಾನವಾಯಿತು.

ಬೆಳೆಗೆ ನೀರು, ಮನೆಗೆ ದೀಪ ಬೇಡವೆನ್ನುವ ಮೂರ್ಖರು ನಾವಲ್ಲ. ವಾದಸ್‌ನ ರೈತರೂ ಅಣೆಕಟ್ಟು ಬೇಡವೆನ್ನಲಿಲ್ಲ. ನಮ್ಮ ಗುಡ್ಡ ಅಗೆಯಬೇಡಿ, ಒರತೆಗಳು ಬತ್ತಿಹೋಗುತ್ತವೆ, ಮಣ್ಣು ಕುಸಿಯುತ್ತದೆ ಎಂದರು, ಅಷ್ಟೆ. ಅಣೆಕಟ್ಟು ಸಾರ್ವಜನಿಕ ಕೆಲಸವೆಂದರೆ ಕಲ್ಲುಗಣಿಯೂ ಸಾರ್ವಜನಿಕ ಕೆಲಸವಾಗುವುದು ಹೇಗೆ ಎಂದು ಕೇಳಿ 2021ರಲ್ಲಿ ಸೆಮರಾಂಗ್ ನಗರದ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಲ್ಲಿ ಸೋತರು.

ಆಮೇಲೆ ನಡೆದದ್ದನ್ನು ಗಮನಿಸಿ. 2022ರ ಫೆಬ್ರವರಿ 8ರಂದು ಸರ್ವೆಯವರು ಊರಿಗೆ ಬಂದರು. ಜೊತೆಗೆ ನೂರಾರು ಪೊಲೀಸರು ಬಂದರು! ಅರವತ್ತಕ್ಕೂ ಹೆಚ್ಚು ಜನರನ್ನು ಹಿಡಿದೊಯ್ದು ಮರುದಿನ ಬಿಟ್ಟರು. ಪ್ರಾಂತದ ಗವರ್ನರ್ ಗಂಜರ್ ಪ್ರನೊವೊ ಮರುದಿನ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ಒಳ್ಳೆಯದೇ. ಆದರೆ ಕ್ಷಮೆಯ ಹಿಂದೆಯೇ ಅಳತೆಯ ಸರಪಳಿಯೂ ಬಂದಿತಲ್ಲ! ಲಾಠಿ ಹಿಡಿದವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು "ನಿನ್ನ ಒಪ್ಪಿಗೆ ಇದೆಯೇ?" ಎಂದು ಕೇಳಿದರೆ ಬರುವ ಉತ್ತರಕ್ಕೆ ಒಪ್ಪಿಗೆ ಎಂದು ಹೆಸರಿಡಬಹುದೇ?

ಆ ವರ್ಷದ ಏಪ್ರಿಲ್ ತಿಂಗಳಿಂದ ಪರಿಹಾರ ಹಂಚಲಾಯಿತು. ವಾದಸ್‌ನ ಜನ ಶತಕೋಟ್ಯಧೀಶರಾದರೆಂದು ಪತ್ರಿಕೆಗಳು ಬರೆದವು. ಅಲ್ಲಿನ ನೂರು ಕೋಟಿ ರುಪಿಯಾ ಎಂದರೆ ನಮ್ಮ ಸುಮಾರು ಅರ್ಧ ಕೋಟಿ ರೂಪಾಯಿ. ಊರು ಎರಡು ಪಾಲಾಯಿತು, ಬಂಧುಗಳು ಮಾತು ಬಿಟ್ಟರು. ಕೊನೆಗೆ ವಿರೋಧಿಸಿದವರಲ್ಲೂ ಹೆಚ್ಚಿನವರು ಹಣ ತೆಗೆದುಕೊಂಡರು. ಅವರನ್ನು ನಾವು ಹಳಿಯುವುದಿಲ್ಲ. ಸರ್ಕಾರ, ನ್ಯಾಯಾಲಯ, ಪೊಲೀಸು ಮೂರೂ ಒಂದೇ ಕಡೆ ನಿಂತಾಗ ಬಡ ರೈತ ಎಷ್ಟು ದಿನ ಒಬ್ಬನೇ ನಿಂತಾನು?

"ನೋಡಿದಿರಾ, ಕೊನೆಗೆ ಲಾಭವೇ ಆಯಿತಲ್ಲ!" ಎಂದು ನಮ್ಮ ಮಹನೀಯರು ನಗಬಹುದು. ನಗುವ ಮೊದಲು ಪೂರ್ವ ಜಾವಾದ ತುಬಾನ್ ಜಿಲ್ಲೆಯ ಸುಮುರ್ಗೆನೆಂಗ್ ಎಂಬ ಹಳ್ಳಿಗೆ ಹೋಗಿ ಬರಲಿ. ತೈಲ ಶುದ್ಧೀಕರಣದ ಕಾರ್ಖಾನೆಗೆ ಹೊಲ ಮಾರಿದ ಆ ಊರಿನವರು 2021ರಲ್ಲಿ ನೂರಕ್ಕೂ ಹೆಚ್ಚು ಹೊಸ ಕಾರು ಕೊಂಡರೆಂದು ಪ್ರಪಂಚವೇ ಬಾಯಿ ತೆರೆದು ನೋಡಿತು. 2022ರ ಜನವರಿಯಲ್ಲಿ ಅದೇ ಊರಿನ ಕೆಲವರು, ಕೊಡುತ್ತೇವೆಂದ ಕೆಲಸ ಎಲ್ಲಿ ಎಂದು ಕೂಗುತ್ತಾ ಬೀದಿಗೆ ಬಂದರು. ಹೊಟ್ಟೆಪಾಡಿಗೆ ದನ ಮಾರಿದೆವೆಂದು ಹೇಳಿಕೊಂಡವರೂ ಇದ್ದರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

ಅಂಗಡಿ ನಡೆಸುವ ಬಂಧುಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಅಸಲನ್ನೇ ಮುರಿದು ತಿಂದು ಲಾಭ ಬಂತೆನ್ನುವ ವ್ಯಾಪಾರಿ ಎಷ್ಟು ದಿನ ಬಾಳುತ್ತಾನೆ? ಆ ಗುಡ್ಡ ರೈತನ ಅಸಲು. ಹಣ್ಣು, ಬೆಲ್ಲ, ಬಿದಿರು ಅದರ ಫಲ. ಅಸಲಿಗೆ ಒಂದು ಸಲ ಬೆಲೆ ಕಟ್ಟಿ ಕೈತೊಳೆದುಕೊಂಡರೆ ಮೊಮ್ಮಗನ ಪಾಲು ಯಾವ ಖಾತೆಯಲ್ಲಿ ಬರೆದಿದೆ? ಗಿರಣಿಯ ಸಂಗಾತಿಗಳೂ ಯೋಚಿಸಲಿ. ನೆಲ ಕಳೆದುಕೊಂಡವನ ಗಂಟು ಕರಗಿದ ದಿನ ಅವನು ಯಾವುದೋ ಕಾರ್ಖಾನೆಯ ಬಾಗಿಲಿಗೆ ಬರಲೇಬೇಕು. ಅವನ ಹಸಿವನ್ನು ತೋರಿಸಿಯೇ ಧಣಿ ಒಳಗಿರುವವನ ಕೂಲಿಯನ್ನು ಇಳಿಸುತ್ತಾನೆ.

ಇದು ಜಾವಾಕ್ಕೆ ಹೊಸದಲ್ಲ. 1830ರಿಂದ ಡಚ್ಚರು ಹಳ್ಳಿಗಳ ಹೊಲಗಳಲ್ಲಿ ಕಬ್ಬು, ಕಾಫಿ, ನೀಲಿಯನ್ನು ಬಲವಂತವಾಗಿ ಬೆಳೆಸಿಕೊಂಡು ತಾವೇ ಬೆಲೆ ಕಟ್ಟಿದರು. ಸ್ವತಂತ್ರ ಇಂಡೊನೇಷ್ಯದ 1945ರ ಸಂವಿಧಾನ ಅದರ 33ನೆಯ ವಿಧಿಯಲ್ಲಿ ನೆಲ, ಜಲಗಳನ್ನು ಜನರ ಅತ್ಯಧಿಕ ಅಭ್ಯುದಯಕ್ಕೆ ಬಳಸಬೇಕೆಂದು ಸಾರಿತು. ಜನ ಎಂದರೆ ಯಾರು? ಕೆಳಗಿನ ಬಯಲಿನವರು ಮಾತ್ರವೇ? ಗುಡ್ಡದ ಮೇಲಿನವರು ಜನರಲ್ಲವೇ?

2014ರಲ್ಲಿ ಆ ದೇಶ ಹಳ್ಳಿಗಳಿಗಾಗಿಯೇ ಒಂದು ಶಾಸನ ಮಾಡಿತು. 2015ರಿಂದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಕೇಂದ್ರದ ಬೊಕ್ಕಸದಿಂದ ಹಣ ಹೋಗತೊಡಗಿತು. ರಸ್ತೆ, ಸೇತುವೆ, ಚರಂಡಿಗಳಾದವು. ಇದನ್ನು ಮೆಚ್ಚಲೇಬೇಕು. ಕೂಡಿ ಕುಳಿತು ಆಲೋಚಿಸಿ ಒಮ್ಮತಕ್ಕೆ ಬರುವುದನ್ನು ಅವರು ಮುಶಾವರಾ ಎನ್ನುತ್ತಾರೆ. ಅದು ರಾಷ್ಟ್ರದ ಐದು ತತ್ತ್ವಗಳಲ್ಲಿಯೇ ಸೇರಿದೆ. ಚರಂಡಿ ಎಲ್ಲಿ ತೋಡಬೇಕೆಂಬುದನ್ನು ಊರು ಕುಳಿತು ನಿರ್ಧರಿಸಬಹುದು. ಗುಡ್ಡವನ್ನೇ ತೋಡಬೇಕೆಂದಾಗ ಮಾತ್ರ ನಿರ್ಧಾರ ಜಕಾರ್ತದಿಂದ ಬರುತ್ತದೆ! ಹಣ ಕೊಟ್ಟರು, ಮಾತಿನ ಹಕ್ಕು ಕೊಡಲಿಲ್ಲ. ಮಾತಿಲ್ಲದ ಹಳ್ಳಿಗೆ ಎಷ್ಟು ಹಣ ಸುರಿದರೂ ಅದಕ್ಕೆ ಭವಿಷ್ಯವಿದೆಯೆಂದು ಹೇಳಲಾಗದು.

ನ್ಯಾಯವಾದ ದಾರಿ ಕಷ್ಟವಾದುದೇನಲ್ಲ. ಊರ ಸಭೆ ಒಪ್ಪದೆ ಗುದ್ದಲಿ ಬೀಳಬಾರದು. ನೆಲ ಹೋದವನಿಗೆ ನೆಲವೇ ಸಿಗಬೇಕು. ಕಲ್ಲು ಒಯ್ದವರು ಹೊಂಡ ಮುಚ್ಚಿ ಮರ ನೆಟ್ಟು ಹೋಗಬೇಕು. ಅಣೆಕಟ್ಟಿನ ಫಲದಲ್ಲಿ ಕಲ್ಲು ಕೊಟ್ಟ ಊರಿಗೂ ವರ್ಷ ವರ್ಷ ಪಾಲು ಬರಬೇಕು.

ಹೊಳೆಗೆ ಹಾಕಿದರೂ ಅಳೆದು ಹಾಕು ಎಂಬ ಗಾದೆ ನಮ್ಮಲ್ಲಿದೆ. ಆದರೆ ಅಳತೆಗೋಲು ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಅದು ಹಳ್ಳಿಯವನ ಕೈಗೆ ಬರುವ ತನಕ, ಪರಿಹಾರದ ಹೆಸರಿನಲ್ಲಿ ನಡೆಯುವುದು ವ್ಯಾಪಾರವೂ ಅಲ್ಲ, ದಾನವೂ ಅಲ್ಲ. ಅದು ರಸೀದಿ ಕೊಟ್ಟು ಮಾಡುವ ಸುಲಿಗೆ!